ತಾಲ್ಲೂಕು ಆಸ್ಪತ್ರೆಗೆ ತಜ್ಞರು ನೆಟ್‌ನಲ್ಲೇ ಬಂದರೆ ಸಾಕೇ?

ಪರ: ನೆಟ್ ಇಲ್ಲದಿದ್ದರೆ ದೊಡ್ಡಪ್ಪ ಉಳಿಯುತ್ತಿರಲಿಲ್ಲ

ಬೆಳಗಿನ ಜಾವ ದೊಡ್ಡಪ್ಪ ಎದೆ ಹಿಡಿದುಕೊಂಡು ಕೂತಾಗ ಮನೆಯವರೆಲ್ಲ ಗ್ಯಾಸ್ಟ್ರಿಕ್ ಅಂದುಕೊಂಡು ಓಮದ ನೀರು ಕುಡಿಸಿದರು. ಬೆವರು ನಿಲ್ಲಲೇ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿ ಇದ್ದಿದ್ದು ಒಬ್ಬರು ಡ್ಯೂಟಿ ಡಾಕ್ಟರು, ಒಬ್ಬರು ಸಿಸ್ಟರ್. ಸಿಸ್ಟರ್ ಹತ್ತಿಯಲ್ಲಿ ಎದೆಯ ಬೆವರು ಒರೆಸಿ ಇಸಿಜಿ ತೆಗೆದರು, ಅದು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಹೋಯಿತು, ಹಾರ್ಟ್ ಅಟ್ಯಾಕೇ ಹೌದು, ಇಂಜೆಕ್ಷನ್ ಕೊಡಿ ಅಂತ ಅವರಿಂದ ಉತ್ತರ ಬಂತು. ಕೊಟ್ಟರು. ಆಮೇಲೆ ಆಂಬುಲೆನ್ಸ್ ಹತ್ತಿಸಿದರು. ಈಗ ದೊಡ್ಡಪ್ಪ ದಿನಾ ತೋಟಕ್ಕೆ ಹೋಗಿ ಬರುತ್ತಾರೆ.

ಆ ಇಂಜೆಕ್ಷನ್ ಹೆಸರು ಟೆನೆಕ್ಟೆಪ್ಲೇಸ್. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ, ಇಸಿಜಿ ನೋಡಿ ಹೇಳೋದು ಜಯದೇವದಂಥ ಆಸ್ಪತ್ರೆಯ ತಜ್ಞರು. ರಕ್ತ ಸಿಗದೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಅಂಥವರನ್ನು ಕಾರಿನಲ್ಲಿ ಮಲಗಿಸಿಕೊಂಡು ಮೂರ್ನಾಲ್ಕು ಗಂಟೆ ಬೆಂಗಳೂರಿನ ದಾರಿ ಹಿಡಿಯೋದು ಯಾವ ನ್ಯಾಯ?

ಇದು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯೂ ಅಲ್ಲ. 2002ರಲ್ಲೇ ಇಸ್ರೋ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅವತ್ತು ಉಪಗ್ರಹ ಬೇಕಿತ್ತು, ಇವತ್ತು ಫೋನ್ ಸಾಕು. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲೇ ನೋಡಿ ಸಲಹೆ ಕೊಡುತ್ತಾ ಬಂದಿದ್ದಾರೆ.

ಪಾಠದ ವಿಷಯವೂ ಅಷ್ಟೇ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ 'ಎಕೋ' ಅನ್ನುವ ಆನ್‌ಲೈನ್ ಪಾಠದ ಯೋಜನೆ ಶುರು ಮಾಡಿದರು. ಹಳ್ಳಿ ಡಾಕ್ಟರುಗಳು ವಾರವಾರ ವಿಡಿಯೋದಲ್ಲಿ ಸೇರಿ, ಲಿವರ್‌ಗೆ ಸೋಂಕು ತಗಲಿಸುವ ಹೆಪಟೈಟಿಸ್ ಸಿ ಬಂದ ತಮ್ಮ ರೋಗಿಗಳ ವಿಷಯವನ್ನು ತಜ್ಞರ ಮುಂದಿಟ್ಟು, ಚರ್ಚೆ ಮಾಡುತ್ತಲೇ ಕಲಿತರು. 407 ರೋಗಿಗಳನ್ನು ಹೋಲಿಸಿದ ಅಧ್ಯಯನ 2011ರಲ್ಲಿ ಬಂತು. ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ ಗುಣವಾದವರು ಶೇ. 57.5, ಹಳ್ಳಿ ಡಾಕ್ಟರುಗಳ ಕೈಯಲ್ಲಿ ಶೇ. 58.2. ನಮ್ಮ ನಿಮ್ಹಾನ್ಸ್ 2014ರಿಂದ ಇದೇ ದಾರಿಯಲ್ಲಿ ಡಾಕ್ಟರುಗಳಿಗೆ ಕಲಿಸುತ್ತಿದೆ. ತಜ್ಞರು ಹಳ್ಳಿಗೆ ಬರಲಿ ಅಂತ ಎಷ್ಟು ವರ್ಷ ಕಾಯೋಣ ಹೇಳಿ? ಅವರ ತಿಳಿವಳಿಕೆ ಇವತ್ತೇ ಬರುತ್ತದೆ ಅಂದರೆ ತರಿಸಿಕೊಳ್ಳೋಣ.

ವಿರೋಧ: ಬೆರಳು ಕಲಿಯಬೇಕಾದ್ದನ್ನು ಪರದೆ ಕಲಿಸಲ್ಲ

ದೊಡ್ಡಪ್ಪ ಉಳಿದರಲ್ಲ, ತುಂಬ ಸಂತೋಷ. ಆದರೆ ಆ ಕಥೆಯಲ್ಲಿ ನನಗೆ ಕಾಣೋದು ಬೆವರು ಒರೆಸಿದ ಸಿಸ್ಟರ್.

ನಾನು ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುವವಳು. ಇಸಿಜಿಗೆ ಹತ್ತು ವೈರು, ಅದರಲ್ಲಿ ಆರು ಎದೆಗೆ. ಮೊದಲನೆಯದನ್ನು ಎದೆಮೂಳೆಯ ಬಲಕ್ಕೆ, ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ ಅಂಟಿಸಬೇಕು. ಅದನ್ನು ಹುಡುಕೋದು ಹೇಗೆ? ಎದೆಮೂಳೆಯ ಮೇಲುಭಾಗದಲ್ಲಿ ಒಂದು ಉಬ್ಬು ಸಿಗುತ್ತದೆ, ಅದರ ಪಕ್ಕಕ್ಕೆ ಎರಡನೇ ಪಕ್ಕೆಲುಬು, ಅಲ್ಲಿಂದ ಬೆರಳನ್ನು ಒತ್ತುತ್ತಾ ಒಂದೊಂದೇ ಸಂದು ಎಣಿಸಿಕೊಂಡು ಕೆಳಗೆ ಇಳಿಯಬೇಕು. ಕೊರೊನಾ ಕಾಲದಲ್ಲಿ ಆನ್‌ಲೈನ್‌ನಲ್ಲಿ ಕಲಿತ ಮಕ್ಕಳು ಇದನ್ನು ತಡವರಿಸದೆ ಹೇಳುತ್ತಿದ್ದರು. ವಾರ್ಡಿಗೆ ಬಂದು ದಪ್ಪ ಮೈಯ ಒಬ್ಬ ಅಜ್ಜಿಯ ಎದೆ ಮೇಲೆ ಕೈ ಇಟ್ಟಾಗ ಒಬ್ಬೊಬ್ಬರದೂ ಒಂದೊಂದು ಜಾಗ, ಜಾಸ್ತಿ ಜನ ಒಂದು ಸಂದು ಮೇಲೆಯೇ ನಿಂತುಬಿಟ್ಟರು.

ಒಂದು ಸಂದು ಮೇಲೆ ಅಂಟಿಸಿದರೆ ಏನಾಗುತ್ತೆ ಗೊತ್ತಾ? ಏನೂ ಆಗದವರಿಗೂ ಹಳೇ ಹಾರ್ಟ್ ಅಟ್ಯಾಕ್ ಆದಂತೆ ಗೆರೆ ಬರಬಹುದು. ಎಡಗೈ ಬಲಗೈ ವೈರು ಅದಲುಬದಲಾದರೆ ಒಂದು ಗೆರೆ ತಲೆಕೆಳಗಾಗಿ ಬರುತ್ತದೆ. ಬೆಂಗಳೂರಿನಲ್ಲಿ ಕೂತವರಿಗೆ ಕಾಣೋದು ಆ ಗೆರೆ ಮಾತ್ರ. ಆಮೇಲೆ ಆ ಇಂಜೆಕ್ಷನ್ ಸುಮ್ನೆ ಕೊಡುವಂಥದ್ದಲ್ಲ, ಮೆದುಳಲ್ಲಿ ರಕ್ತಸ್ರಾವ ಆಗುವ ಅಪಾಯ ಇದೆ. ಹಿಂದೆ ಲಕ್ವ ಹೊಡೆದಿತ್ತಾ, ಈಚೆಗೆ ಆಪರೇಷನ್ ಆಗಿದೆಯಾ ಅಂತ ಗಾಬರಿಯಲ್ಲಿರೋ ಮನೆಯವರಿಂದ ಬಾಯಿ ಬಿಡಿಸಬೇಕು. ಅದನ್ನು ಮಾಡೋದು ಮಂಚದ ಪಕ್ಕ ನಿಂತವರು.

ಎಕೋ ಬಗ್ಗೆ ನನಗೂ ಗೌರವ ಇದೆ. ಆದರೆ ಅಲ್ಲಿ ಪಾಠ ಕೇಳಿದವರು ಆಗಲೇ ರೋಗಿಗಳನ್ನು ಮುಟ್ಟಿ ಪಳಗಿದವರು, ಅಲ್ವಾ? ಹೊಸ ಮಕ್ಕಳಿಗೆ ಅದೇ ಲೆಕ್ಕ ಹಾಕಬೇಡಿ.

ದೂರದಿಂದ ಮಾನಿಟರ್ ನೋಡುವ ಟೆಲಿ ಐಸಿಯು ವಿಷಯಕ್ಕೆ ಬರ್ತೀನಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೈ ತಣ್ಣಗಿದ್ದರೆ ತಪ್ಪು ತೋರಿಸುತ್ತದೆ. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುವುದು ಜಾಸ್ತಿ ಅಂತ 2020ರಲ್ಲಿ ಅಮೆರಿಕದ ಅಧ್ಯಯನವೇ ಹೇಳಿತು. ಪರದೆಯಲ್ಲಿ 94 ಇರುತ್ತದೆ, ತುಟಿ ನೀಲಿಯಾಗಿರುತ್ತದೆ. ತುಟಿ ನೋಡೋರು ಯಾರು? ಇನ್ನು ಜಾಲವೇ ಕೈಕೊಟ್ಟರೆ? 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆದಾಗ ಅಷ್ಟು ದೊಡ್ಡ ಸಂಸ್ಥೆಯೇ ದಿನಗಟ್ಟಲೆ ಪೆನ್ನು ಕಾಗದ ಹಿಡಿಯಬೇಕಾಯಿತು. ಕೈಯಲ್ಲಿ ಬರೆದು ಕೆಲಸ ನಡೆಸೋಕೆ ಅಲ್ಲಿ ಜನ ಇದ್ದರು.

ನನಗೆ ಭಯ ಇರೋದು ಇಲ್ಲೇ. 'ಕ್ಯಾಮೆರಾ ಇದೆಯಲ್ಲ' ಅನ್ನುವ ಮಾತು ಒಂದು ಸಲ ಶುರುವಾದರೆ ಖಾಲಿ ಹುದ್ದೆ ಖಾಲಿಯಾಗಿಯೇ ಉಳಿಯುತ್ತದೆ. ಟೆಲಿ ಐಸಿಯು ಉದ್ಘಾಟನೆಗೆ ಬರುವವರು ಆ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ಎಷ್ಟು ಜನ ಸಿಸ್ಟರ್ ಇರುತ್ತಾರೆ ಅನ್ನೋದನ್ನು ಅದೇ ಬಾಗಿಲ ಮೇಲೆ ಬರೆಸಿ ಹೋಗಲಿ.