ಬ್ರಿಡ್ಜ್ ಹೆಡ್ ಕೊಳ್ಳುವ ಮುನ್ನ ತೂತಿನ ಅಳತೆ ನೋಡಿ

ಪೂಲ್, ಸ್ನೂಕರ್‌ನಲ್ಲಿ ಕೈಗೆಟುಕದ ಶಾಟ್‌ಗೆ ಇನ್ನೊಂದು ಕ್ಯೂ (ಆಟದ ಕೋಲು) ತುದಿಗೆ ಬ್ರಿಡ್ಜ್ ಹೆಡ್ ಎಂಬ ಸಣ್ಣ ತುಂಡು ಸಿಕ್ಕಿಸಿ, ಹೊಡೆಯುವ ಕ್ಯೂಗೆ ಆಸರೆ ಮಾಡಿಕೊಳ್ಳುತ್ತಾರೆ. ಜೇಬಲ್ಲಿ ಹಿಡಿಸುವ ಯಾವ ಹೆಡ್ ಆದರೂ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಒಪ್ಪುವುದು ಕಷ್ಟ. ಮೊದಲು ನೋಡಬೇಕಾದ್ದು ಎರಡನೇ ಕ್ಯೂಗೆ ಅದನ್ನು ಸಿಕ್ಕಿಸುವ ತೂತನ್ನು. ಪೂಲ್ ಕ್ಯೂ ತುದಿ ಸಾಮಾನ್ಯವಾಗಿ 12–13 ಮಿ.ಮೀ., ಸ್ನೂಕರ್ ಕ್ಯೂದು 9–10. ಪೂಲ್‌ಗೆ ಮಾಡಿದ ಹೆಡ್ಡು ಸ್ನೂಕರ್ ಕ್ಯೂ ಮೇಲೆ ಹಿಂದಕ್ಕೆ ಜಾರುತ್ತದೆ. ಆಗ ಮುಂದೆ ಚಾಚಿದ ಆ ಕ್ಯೂ ತುದಿ ಬಾಲ್‌ಗೆ ತಾಗಿದರೆ ಫೌಲ್. ಒಳಗೆ ರಬ್ಬರ್ ಇರುವುದೇ ವಾಸಿ, ಹಿಡಿತವೂ ಸಿಗುತ್ತದೆ, ಮರಕ್ಕೆ ಗೀರೂ ಬೀಳದು. ಹಾಕಿದ ಮೇಲೆ ಎರಡು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಹೊಡೆಯುವಾಗಲೂ ವಾಲುತ್ತದೆ.

ಆಮೇಲೆ ಎತ್ತರ. ಪೂಲ್ ಬಾಲ್ ಸುಮಾರು 57 ಮಿ.ಮೀ., ಅದರ ನಡುಮಧ್ಯ ಬಟ್ಟೆಯಿಂದ 28.5 ಮಿ.ಮೀ. ಮೇಲಿರುತ್ತದೆ. ಹಾಗಾಗಿ ಹೆಡ್ಡಿನಲ್ಲಿ ಹೊಡೆಯುವ ಕ್ಯೂ ಕೂರುವ ಒಂದು ತೋಡು ತಗ್ಗಿನಲ್ಲಿರಬೇಕು, ಇನ್ನೊಂದು ಅಡ್ಡ ನಿಂತ ಬಾಲ್ ದಾಟುವಷ್ಟು ಎತ್ತರ. ಬರೀ ಎತ್ತರದ್ದೇ ಇದ್ದರೆ ಕ್ಯೂ ಇಳಿಜಾರಾಗಿ, ಸ್ವಲ್ಪ ಸೈಡ್ (ಬಾಲಿನ ಪಕ್ಕಕ್ಕೆ ಹೊಡೆದಾಗ ಬರುವ ತಿರುಗು) ಸೇರಿದರೂ ಕ್ಯೂ ಬಾಲ್ (ನಾವು ಹೊಡೆಯುವ ಬಿಳಿ ಬಾಲ್) ಬಾಗಿ ಓಡುತ್ತದೆ. ತೋಡಿನ ಅಂಚನ್ನು ಉಗುರಲ್ಲಿ ಸವರಿ. ಅಚ್ಚಿನ ಗೆರೆ ತಡೆದರೆ ಶಾಫ್ಟೂ (ಕ್ಯೂನ ಮುಂಭಾಗ) ಅಲ್ಲೇ ತಡೆಯುತ್ತದೆ. ಚಾಕ್ ಪುಡಿ ಕೂತರೂ ಅಷ್ಟೇ, ಒರೆಸುತ್ತಿರಿ.

ಹಗುರ ಪ್ಲಾಸ್ಟಿಕ್ ಹೆಡ್ಡು ಅಲ್ಲಾಡುವುದು ಹೆಚ್ಚಾಗಿ ಹಿಂಬದಿಯ ಕೋಲನ್ನು ಎತ್ತಿ ಹಿಡಿಯುವುದರಿಂದ. ಆದಷ್ಟೂ ಅದನ್ನು ಟೇಬಲ್ ಮೇಲೆ ಮಲಗಿಸಿ, ಅಂಗೈಯಿಂದ ಒತ್ತಿ ಹಿಡಿಯಿರಿ. ತೋಡಿಗೂ ಕ್ಯೂ ಬಾಲ್‌ಗೂ 15–20 ಸೆಂ.ಮೀ. ಅಂತರ ಸಾಕು.

ಇನ್ನು ನಿಯಮ: ವಿಶ್ವ ಪೂಲ್ ನಿಯಮದಲ್ಲಿ ಒಂದು ಶಾಟ್‌ಗೆ ಎರಡು ಬ್ರಿಡ್ಜ್‌ವರೆಗೆ ಬಳಸಬಹುದು. ಸ್ವಂತದ್ದೂ ಆಗುತ್ತದೆ, ಮಾಮೂಲಿ ಬ್ರಿಡ್ಜ್‌ನಂತೆಯೇ ಇದ್ದರೆ.