ಶ್ಯಾವಿಗೆ ಒತ್ತೋಕೆ ಜನ ಬೇಕಾಗಿದ್ದಾರೆ

ಯೂಟ್ಯೂಬಿನಲ್ಲಿ ಒತ್ತು ಶ್ಯಾವಿಗೆ ಮಾಡೋದು ಹೇಗೆ ಅಂತ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಎಲ್ಲವೂ ಅಕ್ಕಿಯಿಂದಲೇ ಶುರು. 2 ಲೋಟ ಅಕ್ಕಿ, ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ, ಏಲಕ್ಕಿ, ರುಚಿಗೆ ಉಪ್ಪು. ಸರಿ. ಆದರೆ ಮುಖ್ಯವಾದ ಸಾಮಾನನ್ನೇ ಯಾರೂ ಹೇಳುವುದಿಲ್ಲ: 80 ಕೇಜಿಗೆ ಕಮ್ಮಿ ಇಲ್ಲದ, ಕರೆದಾಗ ಬರುವ, ಕೆಲಸ ಮುಗಿಯುವ ತನಕ ಎದ್ದು ಹೋಗದ ಒಬ್ಬ ಮನುಷ್ಯ.

ಹಾಸನ ಜಿಲ್ಲೆಯ ಆಲೂರು ಕಡೆಯ ನಮ್ಮ ಮನೆಯಲ್ಲಿ ಆ ಜಾಗಕ್ಕೆ ದೊಡ್ಡಪ್ಪ ಇದ್ದರು. ಬೇರೆ ದಿನ ಅವರ ಮಾತನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಶ್ಯಾವಿಗೆ ದಿನ ಮಾತ್ರ ಕಾಫಿ ಬಾರದೆ ಜಗಲಿಯಿಂದ ಏಳುತ್ತಿರಲಿಲ್ಲ. ಆಮೇಲೆ ನಿಧಾನಕ್ಕೆ ಒಳಗೆ ಬಂದು, ಪಂಚೆ ಸರಿ ಮಾಡಿಕೊಂಡು, ಒರಳಿನ ಹಿಡಿಯ ಮೇಲೆ ಕೂರುತ್ತಿದ್ದರು. ಅಷ್ಟೇ ಕೆಲಸ. ಕೂರುವುದು. ಕೆಳಗಿನಿಂದ ಬಿಳೀ ಎಳೆಗಳು ಇಳಿಯುತ್ತಿದ್ದವು, ಅಕ್ಕ ತಟ್ಟೆ ಹಿಡಿದು ತಿರುಗಿಸುತ್ತಿದ್ದಳು, ನಾನು ಒದ್ದೆ ಕೈಯಲ್ಲಿ ಎಳೆ ಕತ್ತರಿಸುತ್ತಿದ್ದೆ.

ಶ್ಯಾವಿಗೆ ಒರಳು ನೋಡದವರಿಗೆ ಹೇಳುತ್ತೇನೆ. ಒಂದು ಗಟ್ಟಿ ಮರದ ದಿಮ್ಮಿ, ಅದರಲ್ಲಿ ಕೊರೆದ ಗುಂಡಿ, ಗುಂಡಿಯ ತಳದಲ್ಲಿ ಸಣ್ಣ ತೂತುಗಳ ಹಿತ್ತಾಳೆ ಬಿಲ್ಲೆ. ಮೇಲಿನಿಂದ ಇಳಿಯುವ ಮರದ ದಿಂಡು, ಅದನ್ನು ಒತ್ತಲು ಉದ್ದನೆಯ ಹಿಡಿ. ಇಷ್ಟೆಲ್ಲ ಯಾಕೆ ಅಂದರೆ ನಮ್ಮಲ್ಲಿ ಮೊದಲು ಬೇಯಿಸಿ ಆಮೇಲೆ ಒತ್ತುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಒಲೆ ಮೇಲೆ ಗಟ್ಟಿಯಾಗುವ ತನಕ ತೊಳಸಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು, ಬೆಂದ ಮೇಲೆ ಬಿಸಿ ಬಿಸಿ ಇರುವಾಗಲೇ ಒರಳಿಗೆ ಹಾಕಬೇಕು. ಉಂಡೆ ಆರಿತೋ, ಬಿಗಿದುಕೊಂಡು ಕೂರುತ್ತದೆ, ಆಮೇಲೆ ದೊಡ್ಡಪ್ಪ ಅಲ್ಲ, ಆನೆ ಬಂದು ಕೂತರೂ ಇಳಿಯುವುದಿಲ್ಲ.

ನನಗೆ ಈ ಶ್ಯಾವಿಗೆ ತಿನ್ನಬೇಕು ಅನ್ನಿಸಿದ್ದು ಬೆಂಗಳೂರಿನ ಫ್ಲ್ಯಾಟಿನಲ್ಲಿ. ಚಕ್ಕುಲಿ ಒರಳಿನಲ್ಲೇ ಮಾಡಿದರಾಯ್ತು ಅಂತ ಕೆಲವರು ಹೇಳಿದರು. ನಮ್ಮನೆ ಸ್ಟೀಲಿನ ಚಕ್ಕುಲಿ ಒರಳು ಈಗ ಒಂದು ಕಡೆ ವಾಲಿಕೊಂಡಿದೆ, ಅದರ ವಿಷಯ ಅಷ್ಟೇ ಸಾಕು. ಊರಿನ ಒರಳೇ ಬರಬೇಕು ಅಂತ ತೀರ್ಮಾನವಾಯಿತು.

ಊರಿಗೆ ಹೋದರೆ ಒರಳು ಅಟ್ಟದ ಮೇಲೆ ಇತ್ತು, ಬಿಲ್ಲೆ ಇರಲಿಲ್ಲ. ಅಮ್ಮನಿಗೆ ಗೊತ್ತಿಲ್ಲ, ಅಣ್ಣನಿಗೆ ಗೊತ್ತಿಲ್ಲ. ಅತ್ತಿಗೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ತೂತು ತೂತಾಗಿ ಇತ್ತಲ್ಲ, ಅದಾ?" ಅಂದರು. ಬಚ್ಚಲಿನ ತೂಬಿಗೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತ್ತಂತೆ. ಅಜ್ಜಿಯ ಅತ್ತೆಯ ಕಾಲದ ಹಿತ್ತಾಳೆ ಬಿಲ್ಲೆ ನಮ್ಮ ಮನೆ ಮಂದಿಯ ಉದುರಿದ ಕೂದಲು ಹಿಡಿಯುತ್ತಾ ಕಾಲ ಕಳೆಯುತ್ತಿತ್ತು. ಅಮ್ಮ ಮಾತಾಡಲಿಲ್ಲ. ಹುಣಸೆಹಣ್ಣು, ಬೂದಿ, ಬಿಸಿನೀರು ಹಾಕಿ ಮಧ್ಯಾಹ್ನ ಪೂರ್ತಿ ತಿಕ್ಕಿದರು. ಬಿಲ್ಲೆ ಬಂಗಾರದ ಹಾಗಾಯಿತು. "ಬಿಸಿನೀರಲ್ಲಿ ಕುದಿಸಿದೀನಿ, ಇನ್ನೇನೂ ಯೋಚ್ನೆ ಮಾಡ್ಬೇಡ. ಅಳಿಯಂದ್ರಿಗೆ ಹೇಳಕ್ಕೋಗ್ಬೇಡ," ಅಂತ ಕೈಗೆ ಕೊಟ್ಟರು. ಹೇಳಿಲ್ಲ. ಅವರು ಇಂಥದ್ದೆಲ್ಲ ಓದುವುದೂ ಇಲ್ಲ.

ಒರಳಿನ ಜೊತೆ ಬಸ್ ಪ್ರಯಾಣ ಮಜವಾಗಿತ್ತು. ಚನ್ನರಾಯಪಟ್ಟಣದ ತನಕ ಹತ್ತಿದವರಿಗೆಲ್ಲ ಅದೇನು ಅಂತ ಗೊತ್ತಿತ್ತು. "ಶ್ಯಾವಿಗೆ ಒರಳಲ್ವೇನವ್ವಾ? ನಮ್ಮನೇಲೂ ಇತ್ತು, ಒಲೆಗೆ ಹಾಕ್ಬುಟ್ರು," ಅಂದರು ಒಬ್ಬ ಅಜ್ಜ. ಕುಣಿಗಲ್ ಬರುವಷ್ಟರಲ್ಲಿ ಜನ ಅನುಮಾನಪಡಲು ಶುರು ಮಾಡಿದರು. ನೆಲಮಂಗಲ ದಾಟಿದ ಮೇಲೆ ಯಾರಿಗೂ ಗೊತ್ತಿಲ್ಲ. ಒಬ್ಬ ಹುಡುಗ ಅದು ಜಿಮ್ಮಿನ ಸಾಮಾನಾ ಅಂತ ಕೇಳಿದ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವರು ಅದನ್ನು ಸುತ್ತ ಮುತ್ತ ನೋಡಿ, ಪುಸ್ತಕದಲ್ಲಿ "ಮರದ ಮಿಷನ್ 1" ಅಂತ ಬರೆದುಕೊಂಡು ಸಹಿ ಹಾಕಿಸಿಕೊಂಡರು.

ಅಕ್ಕಿಯ ವಿಷಯಕ್ಕೂ ಸಣ್ಣ ಜಗಳ ಆಯಿತು. ಯಜಮಾನರು ಆರ್ಗ್ಯಾನಿಕ್ ಅಂಗಡಿಯಿಂದ ರಾಜಮುಡಿ ತಂದರು. ಅದೂ ನಮ್ಮ ಹಾಸನ ಕಡೆಯದೇ, ಮೈಸೂರು ಅರಸರಿಗೆ ಕಂದಾಯದ ಬದಲು ಕೊಡುತ್ತಿದ್ದರು ಅಂತ ಹೇಳುವ ಅಕ್ಕಿ. ಪ್ಯಾಕೆಟ್ಟಿನ ಮೇಲೆ ಇತಿಹಾಸ ಇತ್ತು, ಬೆಲೆ ನೋಡಿದರೆ ಕಂದಾಯ ಇನ್ನೂ ನಿಂತಿಲ್ಲ ಅನ್ನಿಸಿತು. ಅಮ್ಮ ಫೋನಿನಲ್ಲೇ ಬೇಡ ಅಂದರು. "ಅದನ್ನ ಅನ್ನ ಮಾಡ್ಕಂಡ್ ಉಣ್ಣಿ. ಶ್ಯಾವಿಗೆಗೆ ಹಳೇ ದಪ್ಪಕ್ಕಿ ಕಳ್ಸಿದೀನಲ್ಲ, ಅದನ್ನ ನೆನೆಹಾಕು." ನೀರು ಎಷ್ಟಮ್ಮ ಅಂದರೆ "ಹಿಟ್ಟು ಕೇಳಿದಷ್ಟು". ಹಿಟ್ಟು ಏನೂ ಕೇಳಲಿಲ್ಲ. ತೊಳಸುವಾಗ ಮಾತ್ರ ಗಟ್ಟಿಯಾಗಿ ನಿಂತು ನಮ್ಮ ಮರದ ಸೌಟನ್ನು ಎರಡು ತುಂಡು ಮಾಡಿತು. ಊರಲ್ಲಿ ಮುದ್ದೆ ಕೋಲು ಇರುತ್ತೆ, ಪಾತ್ರೆ ಅಲ್ಲಾಡದ ಹಾಗೆ ಕವೆ ಇರುತ್ತೆ. ಇಲ್ಲಿ ನಾನ್‌ಸ್ಟಿಕ್ ಪ್ಯಾನು, ಅದನ್ನು ಇಕ್ಕಳದಲ್ಲಿ ಹಿಡಿದುಕೊಂಡ ಮಗಳು, ಅವಳ ಇನ್ನೊಂದು ಕೈಯಲ್ಲಿ ವಿಡಿಯೋ ಕಾಲ್. ಹಬೆಗೆ ಕ್ಯಾಮೆರಾ ಮಂಜಾಗಿ ಅಮ್ಮ ಅಲ್ಲಿಂದ "ಏನೂ ಕಾಣ್ತಿಲ್ಲ ಕಣೆ, ಹೊಗೆ ಹಾಕಿದೀಯಾ?" ಅಂತ ಕೂಗುತ್ತಿದ್ದರು.

ಇನ್ನು ಕೂರುವ ಮನುಷ್ಯ. ನಮ್ಮ ಯಜಮಾನರು ಧಾರವಾಡದವರು. ಅವರಿಗೆ ಶ್ಯಾವಿಗೆ ಅಂದರೆ ಗೋಧಿಯದ್ದು, ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ತುಂಬಿಟ್ಟು, ಬೇಕಾದಾಗ ಬಸಿದು ಹಾಲು ಸಕ್ಕರೆ ಹಾಕಿಕೊಂಡು ತಿನ್ನುವಂಥದ್ದು. ಒರಳು ನೋಡಿ, "ಶ್ಯಾವಿಗಿ ಮಾಡಾಕ ಹತ್ತೀಯೋ, ಗಾಣ ಹೂಡಾಕ ಹತ್ತೀಯೋ?" ಅಂದರು. ಆದರೂ ಕೂತರು. ಒಂದೆಳೆಯೂ ಇಳಿಯಲಿಲ್ಲ. ಡಾಕ್ಟರ್ ಹೇಳಿದರು ಅಂತ ವಾಕಿಂಗ್ ಮಾಡಿ, ರಾತ್ರಿ ಊಟ ಬಿಟ್ಟು, ತೂಕ ಇಳಿಸಿಕೊಂಡಿದ್ದರು ಪಾಪ. ತೂಕ ಇಳಿಸಿದ್ದಕ್ಕೆ ಹೆಂಡತಿಯ ಹತ್ತಿರ ಬೈಸಿಕೊಂಡ ಗಂಡ ಇವರೊಬ್ಬರೇ ಇರಬೇಕು. ಮಗಳೂ ಹಿಡಿಗೆ ಜೋತುಬಿದ್ದಳು. ಆಗ ಒರಳು ಹೊರಟಿತು! ಊರಿನ ನೆಲ ಒರಟು, ನಮ್ಮದು ಹೊಳೆಯುವ ಟೈಲ್ಸು. ಒರಳು, ಗಂಡ, ಮಗಳು ಮೂವರೂ ಅಡುಗೆಮನೆಯಿಂದ ಫ್ರಿಜ್ಜಿನ ತನಕ ಜಾರಿ, ಧಡ್ ಅಂತ ನಿಂತರು.

ಬೆಲ್ ಆಯಿತು. ಕೆಳಗಿನ ಮನೆಯ ಅಂಕಲ್. ಪಾಲಕ್ಕಾಡ್ ಕಡೆಯವರು, ರಿಟೈರ್ ಆಗಿದ್ದಾರೆ, ಮಧ್ಯಾಹ್ನ ನಿದ್ದೆ ಮಾಡುತ್ತಾರೆ. "ಮೇಲೆ ಏನು ಒಡೀತಿದೀರಿ?" ಅಂತ ಜೋರಾಗೇ ಶುರು ಮಾಡಿದರು. ಬೇಯುತ್ತಿದ್ದ ಅಕ್ಕಿಯ ವಾಸನೆ ಬಂತೋ ಏನೋ, ಒಳಗೆ ಬಂದರು. ವಿಷಯ ತಿಳಿದು ಅವರಿಗೆ ಆಶ್ಚರ್ಯ. "ನಾವು ಇಡಿಯಪ್ಪಕ್ಕೆ ಹಿಟ್ಟು ಒತ್ತಿ ಆಮೇಲೆ ಬೇಯಿಸ್ತೀವಿ. ಸುಲಭ. ನೀವು ಬೇಯಿಸಿ ಆಮೇಲೆ ಯಾಕೆ ಒದ್ದಾಡ್ತೀರಿ?" ನ್ಯಾಯವಾದ ಪ್ರಶ್ನೆ. ತಿಂದು ನೋಡಿ, ನಮ್ಮದು ಇನ್ನೂ ಮೆತ್ತಗೆ, ಎಳೆ ಉದ್ದ ಅಂತೆಲ್ಲ ನಾನು ವಾದ ಮಾಡಬಹುದಿತ್ತು. ಆದರೆ ನನ್ನ ಕಣ್ಣು ಆಗಲೇ ಅವರ ಗಾತ್ರದ ಮೇಲೆ ಬಿದ್ದಿತ್ತು. ಉಂಡೆ ಬೇರೆ ಆರುತ್ತಿತ್ತು.

"ಅಂಕಲ್, ಒಂದು ನಿಮಿಷ ಇಲ್ಲಿ ಕೂತ್ಕೊಳ್ತೀರಾ?"

ಒರಳಿನ ಕೆಳಗೆ ಒದ್ದೆ ಗೋಣಿಚೀಲ ಹಾಸಿದೆವು. ಯಜಮಾನರು ಒರಳಿನ ಕಾಲು ಒತ್ತಿ ಹಿಡಿದರು. ಅಂಕಲ್ ಲುಂಗಿ ಸರಿ ಮಾಡಿಕೊಂಡು ಕೂತರು. ಕೂತ ಆ ಗತ್ತು ನೋಡಿದರೆ ಈ ಕೆಲಸಕ್ಕೇ ಹುಟ್ಟಿದವರು. ಶ್ಯಾವಿಗೆ ಸುರುಳಿ ಸುರುಳಿಯಾಗಿ ಇಳಿಯಿತು, ಮಗಳು ತಟ್ಟೆ ತಿರುಗಿಸಲು ಮರೆತು ಬಾಯಿ ಬಿಟ್ಟು ನೋಡುತ್ತಾ ನಿಂತಳು, ಹಾಗಾಗಿ ಅರ್ಧ ನೆಲಕ್ಕೆ ಹೋಯಿತು, ಹೋಗಲಿ. ಅಂಕಲ್ ಪಾತ್ರೆ ಖಾಲಿಯಾಗುವ ತನಕ ಏಳಲಿಲ್ಲ. ನಡುವೆ ಒಮ್ಮೆ ಕಾಫಿ ಕೇಳಿದರು.

ತೆಂಗಿನಕಾಯಿಗೆ ಒಂದಿಷ್ಟು ಗಸಗಸೆ ಸೇರಿಸಿ ರುಬ್ಬಿ, ಹಿಂಡಿ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ಬೆಳಿಗ್ಗೆಯೇ ತಯಾರಿತ್ತು. ಅಂಕಲ್‌ಗೆ ಎಷ್ಟು ಹಿಡಿಸಿತು ಅಂದರೆ, ಮುಂದಿನ ಸಲ ಕೋಳಿಸಾರು ಮಾಡಿ, ನಾನೇ ಕೋಳಿ ತರ್ತೀನಿ ಅಂದುಬಿಟ್ಟರು. ನಮ್ಮ ಕಡೆ ಶ್ಯಾವಿಗೆಗೆ ಕೋಳಿಸಾರೂ ಇರುತ್ತೆ ಅಂತ ಅವರಿಗೆ ಹೇಳಿಕೊಟ್ಟವರು ಯಾರೋ, ಫೋನಿನೊಳಗಿದ್ದ ಅಮ್ಮನೇ ಇರಬೇಕು.

ಅಮ್ಮನಿಗೆ ಎಲ್ಲರ ತಟ್ಟೆ ತೋರಿಸುತ್ತಾ ಹೋದೆ. ಖುಷಿಯಲ್ಲಿದ್ದರು. "ಅಳಿಯಂದ್ರು ಎಲ್ಲಿ, ತೋರ್ಸು," ಅಂದರು. ತಿರುಗಿಸಿದರೆ ನಮ್ಮ ಯಜಮಾನರು ಕಾಯಿಹಾಲು ಪಕ್ಕಕ್ಕೆ ಸರಿಸಿ, ಶ್ಯಾವಿಗೆ ಮೇಲೆ ಗಟ್ಟಿ ಮೊಸರು ಸುರಿದುಕೊಂಡು, ಅದರ ಮೇಲೆ ಧಾರವಾಡದಿಂದ ತಂದ ಶೇಂಗಾ ಚಟ್ನಿಪುಡಿ ಉದುರಿಸುತ್ತಿದ್ದರು.

"ಅದೇನದು ಕೆಂಪಗೆ?" ಅಂದರು ಅಮ್ಮ.

ನೆಟ್‌ವರ್ಕ್ ಸರಿಯಿಲ್ಲಮ್ಮ, ಆಮೇಲೆ ಮಾಡ್ತೀನಿ ಅಂತ ಫೋನ್ ಇಟ್ಟೆ.