ವೈರು ಕೈಗೆ ಸಿಕ್ಕಿತು, ಕಿತ್ತರು

ಇಂಗ್ಲೆಂಡಿನ ಹಾಡುಗಾರ ಎಡ್ ಶೀರನ್ ತನ್ನ ಹೊಸ ಆಲ್ಬಂಗೆ ‘ಪ್ಲೇ’ ಅಂತ ಹೆಸರಿಟ್ಟಿದ್ದಾನೆ. 2025ರ ಸೆಪ್ಟೆಂಬರ್‌ನಲ್ಲಿ ಬಂತು. ಇದು ಬರೀ ಶುರುವಂತೆ. ಮುಂದೆ ‘ಪಾಜ್’, ‘ಫಾಸ್ಟ್ ಫಾರ್ವರ್ಡ್’, ‘ರಿವೈಂಡ್’, ಕೊನೆಗೆ ‘ಸ್ಟಾಪ್’. ಹಳೇ ಟೇಪ್ ರೆಕಾರ್ಡರಿನ ಗುಂಡಿಗಳೆಲ್ಲ ಸಾಲಾಗಿ ಆಲ್ಬಂ ಆಗಲಿವೆ. ಆ ಕೊನೆಯ ಆಲ್ಬಂನ ರಾಯಲ್ಟಿಯಲ್ಲಿ ಬೆಂಗಳೂರು ಪೊಲೀಸರಿಗೆ ಒಂದು ಪಾಲು ಸಿಗಬೇಕು ಅನ್ನುವುದು ನನ್ನ ವಿನಮ್ರ ಬೇಡಿಕೆ. ಆ ಗುಂಡಿ ಒತ್ತುವುದು ಹೇಗೆ ಅಂತ ಚರ್ಚ್ ಸ್ಟ್ರೀಟಿನಲ್ಲಿ ತೋರಿಸಿಕೊಟ್ಟವರು ನಮ್ಮವರೇ ಅಲ್ವಾ?

ಕಥೆ ನಿಮಗೆ ಗೊತ್ತೇ ಇದೆ. 2025ರ ಫೆಬ್ರವರಿ 9, ಭಾನುವಾರ ಬೆಳಗ್ಗೆ. ಪುಸ್ತಕದಂಗಡಿಗೆ, ಕಾಫಿಗೆ ಅಂತ ಬಂದ ಜನ. ಫುಟ್‌ಪಾತಿನಲ್ಲಿ ಒಬ್ಬ ಕೆಂಚುಗೂದಲಿನ ಮನುಷ್ಯ, ಒಂದು ಗಿಟಾರು, ಒಂದು ಮೈಕು, ಪುಟ್ಟ ಸ್ಪೀಕರ್. ‘ಶೇಪ್ ಆಫ್ ಯೂ’ ಶುರುವಾಗಿದೆ. ಅಷ್ಟರಲ್ಲಿ ಸಮವಸ್ತ್ರದವರೊಬ್ಬರು ಬಂದು ವೈರು ಹುಡುಕಿ ಕಿತ್ತರು. ದನಿ ಹೋಯಿತು. ಪ್ರಪಂಚದ ದೊಡ್ಡ ದೊಡ್ಡ ಸ್ಟೇಡಿಯಂಗಳನ್ನು ಒಬ್ಬನೇ ನಿಂತು ತುಂಬಿಸುವವನನ್ನು ಸುಮ್ಮನಾಗಿಸಲು ಬೇಕಾಗಿದ್ದು ಎರಡು ಬೆರಳು. ಇವನ ‘ಡಿವೈಡ್’ ಟೂರಿಗೆ 80 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡಿದ್ದರು. ಇರಲಿ, ನಮಗೇನು? ಅವರ ಪೈಕಿ ಯಾರ ಕೈಲೂ ಪರ್ಮಿಷನ್ ಲೆಟರ್ ಇರಲಿಲ್ಲ.

ಆಮೇಲೆ ಶುರುವಾಯಿತು ನಿಜವಾದ ಮನರಂಜನೆ. ಪರ್ಮಿಷನ್ ಇತ್ತು, ಅದೇ ಜಾಗದಲ್ಲಿ ಹಾಡುವುದು ಮೊದಲೇ ಗೊತ್ತಾಗಿತ್ತು ಅಂತ ಶೀರನ್ ಇನ್‌ಸ್ಟಾಗ್ರಾಮಿನಲ್ಲಿ ಬರೆದ. ಕೇಳಿದ್ದರು, ಜನಸಂದಣಿ ಆಗುತ್ತೆ ಅಂತ ನಾವು ಕೊಟ್ಟಿರಲಿಲ್ಲ ಅಂತ ಪೊಲೀಸರು ಹೇಳಿದರು. ಒಂದೇ ಊರು, ಒಂದೇ ಬೀದಿ, ಒಂದೇ ಬೆಳಗ್ಗೆ. ಇದ್ದೂ ಇಲ್ಲದ, ಇಲ್ಲದೆಯೂ ಇದ್ದ ಪರ್ಮಿಷನ್. ಇದು ನಮಗೆ ಹೊಸದೇನಲ್ಲ. ಮನೆ ಕಟ್ಟಿದವರನ್ನು ಕೇಳಿ, ಎರಡನೇ ಮಹಡಿಗೆ ಪರ್ಮಿಷನ್ ಇದೆಯೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಖಾತಾ ಮಾತ್ರ ಇರುತ್ತೆ.

ನನ್ನ ಅನುಮಾನವೇ ಬೇರೆ. ತೊಂದರೆ ಆಗಿದ್ದು ಅವನನ್ನು ಇಲ್ಲಿಗೆ ಕರೆತಂದ ಟೂರಿನ ಹೆಸರಿನಿಂದ. ಶೀರನ್ ಆಲ್ಬಂಗಳಿಗೆ ಮಗ್ಗಿ ಪುಸ್ತಕದ ಗುರುತುಗಳೇ ಹೆಸರು. 2011ರಲ್ಲಿ ಕೂಡುವ ಗುರುತು, 2014ರಲ್ಲಿ ಗುಣಿಸುವುದು, 2017ರಲ್ಲಿ ಭಾಗಿಸುವುದು, 2021ರಲ್ಲಿ ಸಮ, 2023ರಲ್ಲಿ ಕಳೆಯುವುದು. ಈ ಐದನ್ನೂ ಸಾಲಾಗಿ ಬರೆದರೆ ಅದೇ ಟೂರಿನ ಹೆಸರು. 2022ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಿಂದ ಹೊರಟು 2025ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯಲ್ಲಿ ಮುಗಿಯಿತು. ಈಗ ಇದನ್ನು ಯಾವುದಾದರೂ ಒಂದು ಕಚೇರಿಯ ಇನ್‌ವರ್ಡ್ ರಿಜಿಸ್ಟರಿನಲ್ಲಿ ಬರೆಯಬೇಕು. ಗುಮಾಸ್ತರು ಪೆನ್ನು ಹಿಡಿದು ಕೂತಿದ್ದಾರೆ.

‘ಕಾರ್ಯಕ್ರಮದ ಹೆಸರು ಹೇಳಿ.’

‘ಕೂಡು, ಕಳೆ, ಸಮ, ಭಾಗಿಸು, ಗುಣಿಸು ಸಾರ್.’

‘ಉತ್ತರ ಎಷ್ಟು ಬಂತು?’

‘ಉತ್ತರ ಇಲ್ಲ ಸಾರ್, ಹಾಡು.’

‘ಲೆಕ್ಕದ ವಿಷಯ ಇಲ್ಲಿ ಬರಲ್ಲ ಕಣ್ರೀ. ಶಿಕ್ಷಣ ಇಲಾಖೆಗೆ ಹೋಗಿ. ಎರಡು ಜೆರಾಕ್ಸ್ ತಗೊಂಡು ಹೋಗಿ.’

ಹೀಗೆ ಆಗಿಲ್ಲ ಅಂತ ಯಾರಾದರೂ ಎದೆ ಮುಟ್ಟಿ ಹೇಳಲಿ ನೋಡೋಣ.

ಪೊಲೀಸರ ಚುರುಕುತನವನ್ನಂತೂ ಮೆಚ್ಚಲೇಬೇಕು. ಜಾಗತಿಕ ತಾರೆಯಾದರೇನು, ನಮ್ಮೂರ ನಿಯಮ ಎಲ್ಲರಿಗೂ ಒಂದೇ ಅಂತ ರಾಜಕಾರಣಿಗಳೂ ಬೆನ್ನು ತಟ್ಟಿದರು. ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ರಸ್ತೆಯಲ್ಲಿ ಗಣೇಶ ಕೂರಿಸುತ್ತಾರೆ. ಗಣೇಶ ಪಾಪ, ಮೂಲೆಯಲ್ಲಿ ಸುಮ್ನೆ ಕೂತಿರುತ್ತಾನೆ. ಗಲಾಟೆ ಆರ್ಕೆಸ್ಟ್ರಾದ್ದು. ನನ್ನ ಬೆಡ್‌ರೂಮಿನ ಕಿಟಕಿಗೆ ಎದುರಾಗಿ ಆಳೆತ್ತರದ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಬಾಸ್ ಹೊಡೆದಾಗಲೆಲ್ಲ ಅಡುಗೆಮನೆ ಶೆಲ್ಫಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಣಕಣ ಅನ್ನುತ್ತವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯಿಂದ ಕೇಂದ್ರದ ನಿಯಮ ಇದೆ. ಹಗಲಲ್ಲೇ ಮನೆಗಳಿರುವ ಕಡೆ 55 ಡೆಸಿಬೆಲ್ ದಾಟಬಾರದು. ಹನ್ನೊಂದೂವರೆಗೆ ಫೋನ್ ಮಾಡಿದರೆ ಆ ಕಡೆಯವರು ಬಹಳ ಪ್ರೀತಿಯಿಂದ, ‘ವರ್ಷಕ್ಕೊಂದ್ಸಲ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುತ್ತಾರೆ. ವೈರು ಅಲ್ಲೂ ಇದೆ. ಹೆಬ್ಬೆರಳು ದಪ್ಪದ್ದು, ಜನರೇಟರಿನಿಂದ ಸ್ಟೇಜಿನವರೆಗೆ ರಸ್ತೆಗೆ ಅಡ್ಡ ಬಿದ್ದಿರುತ್ತೆ, ದಿನಾ ಯಾರಾದರೂ ಎಡವುತ್ತಾರೆ. ಆದರೆ ಅದರ ಪಕ್ಕ ಕಾರ್ಪೊರೇಟರ್ ಆಗಬೇಕೆಂದಿರುವವರ ಫ್ಲೆಕ್ಸ್ ನಿಂತಿದೆ. ಫ್ಲೆಕ್ಸಿನಲ್ಲಿರುವ ಅಷ್ಟೂ ಜನ ಕೈ ಮುಗಿದು ನಗುತ್ತಿದ್ದಾರೆ. ಅಂಥ ವೈರನ್ನು ಯಾರು ಕೀಳುತ್ತಾರೆ?

ಇದು ಗಿಟಾರಿನ ಊರು ಅಂತ ಹಳಬರು ಈಗಲೂ ಮೀಸೆ ತಿರುವುತ್ತಾರೆ. ಸುಳ್ಳಲ್ಲ. 2003ರಲ್ಲಿ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದರು. 2007ರಲ್ಲಿ ಐರನ್ ಮೇಡನ್ ಬಂತು. 2011ರ ಅಕ್ಟೋಬರ್‌ನಲ್ಲಿ ಗುರುಗ್ರಾಮದಲ್ಲಿ ಮೆಟಾಲಿಕಾದ ಶೋ ರದ್ದಾಗಿ ಜನ ಸ್ಟೇಜ್ ಹತ್ತಿ ಗಲಾಟೆ ಮಾಡಿದರು. ಎರಡೇ ದಿನ ಬಿಟ್ಟು ಅದೇ ಬ್ಯಾಂಡ್ ಬೆಂಗಳೂರಿನಲ್ಲಿ ನುಡಿಸಿತು. ಅಷ್ಟೂ ಜನ ತಲೆ ಕೊಡವಿ, ಗಂಟಲು ಹರಿದುಕೊಂಡು, ಬಸ್ ಹಿಡಿದು ಮನೆಗೆ ಹೋದರು. ಇದೇ ಊರಿನಲ್ಲಿ 2008ರ ಹೊತ್ತಿಗೆ ಪಬ್ಬಿನಲ್ಲಿ ಕುಣಿಯುವುದಕ್ಕೂ ಪೊಲೀಸರು ತಡೆ ಹಾಕಿದ್ದರು. ಕುಡಿಯಬಹುದು, ಹಾಡು ಕೇಳಬಹುದು, ಕಾಲು ಆಡಿಸುವ ಹಾಗಿಲ್ಲ. 2018ರಲ್ಲಿ ಲೈಸೆನ್ಸ್ ಇಲ್ಲ ಅಂತ ಎಷ್ಟೋ ಹೋಟೆಲ್‌ಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ದಿನಕ್ಕೊಂದು ಕಡೆ ನುಡಿಸಿ ಬಾಡಿಗೆ ಕಟ್ಟುತ್ತಿದ್ದ ಹುಡುಗರು ಆಗ ಏನು ಮಾಡಿದರು ಅಂತ ಯಾರೂ ಕೇಳಲಿಲ್ಲ. ಅವರಿಗೆ ಇನ್‌ಸ್ಟಾಗ್ರಾಮಿನಲ್ಲಿ ಕೋಟಿ ಫಾಲೋವರ್ಸ್ ಇರಲಿಲ್ಲ.

ಎಲ್ಲಿಗೋ ಹೋದೆ. ಆ ಫೆಬ್ರವರಿಯ ವಾರವನ್ನೇ ನೋಡಿ, ಎಂಥಾ ವಾರ! ಸೋಮವಾರದಿಂದ ಯಲಹಂಕದಲ್ಲಿ ಏರೋ ಇಂಡಿಯಾ. ಅದರ ತಾಲೀಮಿಗೆ ಯುದ್ಧವಿಮಾನಗಳು ನಮ್ಮ ನೆತ್ತಿಯ ಮೇಲೆ ಗುಡುಗುತ್ತಿದ್ದವು. ಅದು ಶಬ್ದವಲ್ಲ, ಅದು ಹೆಮ್ಮೆ. ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ ವಾಯುನೆಲೆಯ ಸುತ್ತ 13 ಕಿ.ಮೀ.ವರೆಗೆ ಮಾಂಸದಂಗಡಿ ಬಂದ್. ಹದ್ದಿನ ಹೊಟ್ಟೆಪಾಡಿನ ಬಗ್ಗೆ ಅಷ್ಟು ಮುಂಚೆಯೇ ಯೋಚಿಸುವ ಆಡಳಿತ ಇದು. ಮಂಗಳವಾರದಿಂದ ಅರಮನೆ ಮೈದಾನದಲ್ಲಿ ಹೂಡಿಕೆದಾರರ ಸಮಾವೇಶ, ಇನ್ವೆಸ್ಟ್ ಕರ್ನಾಟಕ. ಬನ್ನಿ, ಪ್ರಪಂಚದವರೆಲ್ಲ ಬನ್ನಿ, ಎಲ್ಲ ಪರ್ಮಿಷನ್ನೂ ಒಂದೇ ಕಿಟಕಿಯಲ್ಲಿ ಕೊಡ್ತೀವಿ ಅಂತ ಕರೆ. ಅದಕ್ಕೆ ಎರಡು ದಿನ ಮೊದಲು ಪ್ರಪಂಚದಿಂದ ಬಂದವನೊಬ್ಬನಿಗೆ ಆದ ಸ್ವಾಗತ ನೋಡಿದಿರಿ. ಕಾರ್ಖಾನೆ ಹಾಕುತ್ತೀನಿ ಅಂದಿದ್ದರೆ ಗಿಟಾರಿಗೆ ನೀರು, ಕರೆಂಟು, ಭೂಮಿ ಎಲ್ಲ ರಿಯಾಯಿತಿಯಲ್ಲಿ ಸಿಗುತ್ತಿತ್ತೋ ಏನೋ.

ಅದೇ ಭಾನುವಾರ ಇನ್ನೊಂದು ಆಯಿತು. ಮೆಟ್ರೋ ದರ ಏರಿತು. 60 ಇದ್ದ ಗರಿಷ್ಠ ದರ 90 ಆಯಿತು, ಕೆಲವು ಕಡೆ ದುಪ್ಪಟ್ಟೇ ಆಯಿತು. ಶೀರನ್ನನ ಐದು ಗುರುತುಗಳಲ್ಲಿ ಕೂಡುವುದನ್ನೂ ಗುಣಿಸುವುದನ್ನೂ ಮೆಟ್ರೋದವರು, ಕಳೆಯುವುದನ್ನು ಪೊಲೀಸರು ಒಂದೇ ದಿನ ಮಾಡಿ ತೋರಿಸಿದರು. ಸಂಜೆ ತುಮಕೂರು ರಸ್ತೆಯ ಮಾದಾವರದ ನೈಸ್ ಮೈದಾನದಲ್ಲಿ ಅವನ ಶೋ. ಮಾದಾವರದವರೆಗೆ ಮೆಟ್ರೋ ಬಂದು ಬರೀ ಮೂರು ತಿಂಗಳಾಗಿತ್ತು. ಸಾವಿರಾರು ರೂಪಾಯಿ ಟಿಕೆಟ್ ಕೊಂಡವರಿಗೆ ಹೊಸ ದರ ದೊಡ್ಡದೇನಲ್ಲ, ಬಿಡಿ. ಬೆಳಗ್ಗೆ ಪುಕ್ಕಟೆ ಕೇಳಿದರೆ ಜನಸಂದಣಿ, ಸಂಜೆ ದುಡ್ಡು ಕೊಟ್ಟು ಕೇಳಿದರೆ ಪ್ರೇಕ್ಷಕರು.

ಆ ಶೋನಲ್ಲಿ ಗಾಯಕಿ ಶಿಲ್ಪಾ ರಾವ್ ಜೊತೆ ನಿಂತು ಅವನು ಒಂದು ತೆಲುಗು ಹಾಡು ಹಾಡಿದ. ಬೆಂಗಳೂರಿನಲ್ಲಿ! ನಮ್ಮವರಿಗೆ ಪಿತ್ತ ನೆತ್ತಿಗೇರಿತು. ನನಗೂ ಸ್ವಲ್ಪ ಏರಿತು, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಯೋಚಿಸಿದೆ, ಇಲ್ಲಿ ಬಂದು ಅವನ ಕಿವಿಗೆ ಬಿದ್ದ ಕನ್ನಡವಾದರೂ ಯಾವುದು? ಬೆಳಗ್ಗೆ ಚರ್ಚ್ ಸ್ಟ್ರೀಟಿನಲ್ಲಿ ‘ನಿಲ್ಸಿ, ನಿಲ್ಸಿ’ ಅಂದಿರಬಹುದು. ಅದಕ್ಕೆ ರಾಗ ಹಾಕುವುದು ಕಷ್ಟ.

ಇಷ್ಟು ಹೊತ್ತು ನಗುತ್ತಾ ಬರೆದೆ. ಇನ್ನು ಆಗಲ್ಲ.

ಚರ್ಚ್ ಸ್ಟ್ರೀಟಿನಿಂದ ಚಿನ್ನಸ್ವಾಮಿ ಸ್ಟೇಡಿಯಂ ನಡೆದುಹೋಗುವ ದೂರ. ಫೆಬ್ರವರಿ ಆಗಿ ನಾಲ್ಕು ತಿಂಗಳಿಗೆ, ಜೂನ್ 4ರಂದು, ಅಲ್ಲಿ 11 ಜನ ಸತ್ತರು. ಹಿಂದಿನ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತ್ತು. ಮೆರವಣಿಗೆ ಇದೆ ಬನ್ನಿ ಅಂತ ತಂಡದವರು ಸೋಷಿಯಲ್ ಮೀಡಿಯಾದಲ್ಲಿ ಹಾಕಿದರು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರವೇ ಸನ್ಮಾನ ಮಾಡಿತು. 35 ಸಾವಿರ ಜನ ಹಿಡಿಸುವ ಸ್ಟೇಡಿಯಂ ಮುಂದೆ ಲಕ್ಷಗಟ್ಟಲೆ ಜನ. ಪರ್ಮಿಷನ್ ಯಾರು ಕೇಳಿದರು, ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದು ಆಮೇಲೆ ಕೋರ್ಟಿನ ವಿಷಯವಾಯಿತು. ಸತ್ತವರಲ್ಲಿ ಹದಿಹರೆಯದ ಮಕ್ಕಳಿದ್ದರು. ಗೇಟಿನ ಹೊರಗೆ ಜನ ಉಸಿರುಗಟ್ಟಿ ಬಿದ್ದ ಮೇಲೂ ಒಳಗೆ ಕಾರ್ಯಕ್ರಮ ನಡೆಯಿತು. ಮೈಕ್ ಆನ್ ಇತ್ತು.

ಆ ವೈರು ಯಾರ ಕೈಗೂ ಸಿಗಲಿಲ್ಲ.

ಭಾನುವಾರ ಬೆಳಗ್ಗೆ ನಾಲ್ಕು ಹಾಡು ಕೇಳಲು ನಿಂತವರನ್ನು ನೋಡಿದ ತಕ್ಷಣ ‘ಜನಸಂದಣಿ, ಅಪಾಯ’ ಅಂತ ಹೊಳೆದ ಊರಿಗೆ, ಕಪ್ ಗೆದ್ದ ರಾತ್ರಿಯೇ ಬೀದಿಗೆ ಬಂದ ಜನಸಾಗರ ಕಂಡರೂ ಹೊಳೆಯಲಿಲ್ಲ. ಹೊಳೆದವರೂ ಇದ್ದರು, ಬೇಡ ಅಂತ ಪತ್ರ ಬರೆದ ಪೊಲೀಸ್ ಅಧಿಕಾರಿಯೂ ಇದ್ದರು. ಆದರೆ ಮೆಟ್ಟಿಲ ಮೇಲೆ ಫೋಟೋಗೆ ನಿಲ್ಲಬೇಕಾದವರು ಬಹಳ ಜನ ಇದ್ದರು. ಆಮೇಲೆ ಕಮಿಷನರ್ ಸೇರಿ ಐವರು ಪೊಲೀಸರನ್ನು ಅಮಾನತು ಮಾಡಿದರು. ಪೊಲೀಸರೇನು ದೇವರೂ ಅಲ್ಲ, ಮಾಂತ್ರಿಕರೂ ಅಲ್ಲ ಅಂತ ಆಡಳಿತ ನ್ಯಾಯಮಂಡಳಿ ಜುಲೈನಲ್ಲಿ ಹೇಳಿತು. ಸರಿಯಾಗೇ ಹೇಳಿತು. ಅದಕ್ಕೇ ಚರ್ಚ್ ಸ್ಟ್ರೀಟಿನಲ್ಲಿ ವೈರು ಕಿತ್ತವರ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನಿಂದ ಹೇಳಿದ್ದನ್ನು ಅವರು ಮಾಡಿದರು. ನನ್ನ ಸಿಟ್ಟು, ಕೀಳುವುದಕ್ಕೆ ಸುಲಭವಾದ ವೈರುಗಳನ್ನೇ ಆರಿಸಿ ಅವರ ಕೈಗೆ ಕೊಡುವವರ ಮೇಲೆ. ಗಿಟಾರಿನವನ ಹಿಂದೆ ವೋಟು ಇಲ್ಲ, ಫ್ಲೆಕ್ಸ್ ಇಲ್ಲ, ಫೋನ್ ಮಾಡಿ ‘ನಮ್ಮ ಹುಡುಗ ಕಣ್ರೀ’ ಅನ್ನುವವರಿಲ್ಲ.

ಶೀರನ್ ಅದೇ ವಾರ ಶಿಲ್ಲಾಂಗಿಗೆ ಹೋದ, ಅಲ್ಲಿಂದ ಗುರುಗ್ರಾಮಕ್ಕೆ ಹೋದ. ಪರವಾಗಿಲ್ಲ ಬಿಡಿ ಅಂತ ನಮ್ಮ ವಿಷಯ ಮರೆತ. ಇಲ್ಲೇ ಉಳಿದಿರುವುದು ನಮ್ಮ ಹುಡುಗರು. ಮಲ್ಲೇಶ್ವರದ ಒಬ್ಬಳು ವಯಲಿನ್ ಹಿಡಿದು ಬೀದಿಯಲ್ಲಿ ಒಂದು ಗಂಟೆ ನುಡಿಸಬೇಕು ಅಂದರೆ ಅರ್ಜಿ ಎಲ್ಲಿ ಕೊಡಬೇಕು? ಠಾಣೆಗೋ, ಟ್ರಾಫಿಕ್‌ನವರಿಗೋ, ಪಾಲಿಕೆಗೋ? ಪಾಲಿಕೆ ಅಂದರೆ ಈಗ ಐದಿವೆ, ಯಾವ ಪಾಲಿಕೆಗೆ? ಲಂಡನ್ನಿನ ಸುರಂಗ ರೈಲಿನವರು 2003ರಲ್ಲೇ ಬೀದಿ ಹಾಡುಗಾರರಿಗೆ ಲೈಸೆನ್ಸ್ ಕೊಟ್ಟು, ಎಲ್ಲಿ ನಿಲ್ಲಬೇಕು ಅಂತ ನಿಲ್ದಾಣಗಳಲ್ಲಿ ಜಾಗ ಗೊತ್ತು ಮಾಡಿಬಿಟ್ಟರು. ಅಲ್ಲಿ ನಿಂತವರನ್ನು ಯಾರೂ ಎಬ್ಬಿಸುವುದಿಲ್ಲ. ಚರ್ಚ್ ಸ್ಟ್ರೀಟಿನಲ್ಲೂ ಹಾಗೇ ಒಂದು ಗುರುತು ಹಾಕಲು ಒಂದು ಡಬ್ಬಿ ಬಣ್ಣ ಸಾಕು. ಡಬ್ಬಿಗೆ ಟೆಂಡರ್ ಕರೆಯುತ್ತಾರೆ, ಡಿಪಿಆರ್ ಅಂತ ಯೋಜನಾ ವರದಿ ಆಗುತ್ತೆ, ಉದ್ಘಾಟನೆಗೆ ಸಚಿವರ ಡೇಟ್ ಸಿಗಬೇಕು. ಶಾಮಿಯಾನ ಹಾಕುತ್ತಾರೆ. ಆ ಕಾರ್ಯಕ್ರಮದ ಸ್ಪೀಕರ್‌ಗೆ ಪರ್ಮಿಷನ್ ಕೇಳುವ ಪ್ರಶ್ನೆಯೇ ಬರುವುದಿಲ್ಲ.